ಅಂಬಿಲ್ ಓಢಾ ಪ್ರವಾಹ: ಬಿಬವೇವಾಡಿ ಪರಿಸರದ ಕನ್ನಡಿಗರ ಮನವಿ ಪತ್ರ

ಗೆ,
ಮಾನ್ಯ ಆಯುಕ್ತರು,
ಪುಣೆ ಮಹಾನಗರಪಾಲಿಕೆ, ಶಿವಾಜಿನಗರ, ಪುಣೆ

ವಿಷಯ: ಮಳೆಗಾಲಕ್ಕೆ ಮೊದಲೇ ಅಂಬಿಲ್ ಓಢಾದ ಪಾತ್ರ ತೆರವು, ಗೋಡೆಗಳ ತಪಾಸಣೆ ಹಾಗೂ ಮುನ್ನೆಚ್ಚರಿಕೆ ವ್ಯವಸ್ಥೆ ಕೋರಿ.

ಮಾನ್ಯರೇ,

ಅಂಬಿಲ್ ಓಢಾ ಕಾತ್ರಜ್ ಗುಡ್ಡದಿಂದ ಇಳಿದು, ಬಿಬವೇವಾಡಿಯ ಪಶ್ಚಿಮಕ್ಕೆ ಪದ್ಮಾವತಿ, ಅರಣ್ಯೇಶ್ವರ, ದಾಂಡೇಕರ್ ಪೂಲ್ ದಾಟಿ ಮುಠಾ ನದಿ ಸೇರುತ್ತದೆ. ವರ್ಷದ ಬಹುಪಾಲು ಅದು ಕೊಳಚೆ ಹೊತ್ತು ತೆವಳುವ ಹಳ್ಳ. 2019ರ ಸೆಪ್ಟೆಂಬರ್ 25ರ ರಾತ್ರಿ ಮಾತ್ರ ಹೊಳೆಯೇ ಆಗಿಬಿಟ್ಟಿತು. ಕೆಲವೇ ಗಂಟೆಗಳ ಮಳೆಗೆ ಕಾತ್ರಜ್ ಕೆರೆ ಕೋಡಿ ಹರಿಯಿತು. ಸೊಸೈಟಿಗಳ ನೆಲಮಹಡಿಗೆ ನೀರು ನುಗ್ಗಿತು, ಕಾರುಗಳು ಒಂದರ ಮೇಲೊಂದು ಏರಿ ನಿಂತವು, ದನಕರುಗಳು ಸತ್ತವು. ಟಾಂಗೇವಾಲಾ ಕಾಲೊನಿಯಲ್ಲಿ ಗೋಡೆ ಉರುಳಿ ಜನ ಪ್ರಾಣ ಕಳೆದುಕೊಂಡರು. ಅದೇ ರಾತ್ರಿ ಬೆಂಗಳೂರು ಹೆದ್ದಾರಿಯ ಖೇಡ್ ಶಿವಾಪುರದ ದರ್ಗಾದಲ್ಲಿ ಮಲಗಿದ್ದವರು ಕೊಚ್ಚಿಹೋದರು. ಕರ್ಹಾ ನದಿ ಉಕ್ಕಿ ಬಾರಾಮತಿಯಲ್ಲಿ ಸಾವಿರಾರು ಜನರನ್ನು ಸ್ಥಳಾಂತರಿಸಬೇಕಾಯಿತು. ನಗರ, ಜಿಲ್ಲೆ ಸೇರಿ ಸತ್ತವರು 20ಕ್ಕೂ ಹೆಚ್ಚು.

ಈ ಹಳ್ಳದ ದಾರಿಯನ್ನು 18ನೇ ಶತಮಾನದಲ್ಲೇ ನಾನಾಸಾಹೇಬ ಪೇಶ್ವೆ ತಿರುಗಿಸಿದ್ದರು. ಕಾತ್ರಜ್‌ನಲ್ಲಿ ಕೆರೆ ಕಟ್ಟಿಸಿ ಊರಿಗೆ ಕುಡಿಯುವ ನೀರು ತಂದರು. ಈಗ ದಂಡೆಗೆ ಒತ್ತಿಕೊಂಡೇ ಕಟ್ಟಡಗಳಿವೆ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದಾಗ ಮನೆ ಕಳೆದುಕೊಂಡವರಿಗಾಗಿ ವಸಾಹತುಗಳು ಎದ್ದ ಸಹಕಾರನಗರಕ್ಕೂ 2019ರಲ್ಲಿ ನೀರು ಬಂತು.

ಜೀವ ತೆಗೆದದ್ದು ನೀರೊಂದೇ ಅಲ್ಲ. ಅದೇ ವರ್ಷದ ಜೂನ್ 29ರಂದು ಪಕ್ಕದ ಕೊಂಢ್ವಾದಲ್ಲಿ ಸೊಸೈಟಿಯ ಕಾಂಪೌಂಡ್ ಗೋಡೆ ಕಾರ್ಮಿಕರ ಶೆಡ್‌ಗಳ ಮೇಲೆ ಬಿದ್ದು 15 ಮಂದಿ ಸತ್ತರು. ಕೆಲವೇ ದಿನಗಳಲ್ಲಿ ಆಂಬೇಗಾಂವ್‌ನಲ್ಲೂ ಗೋಡೆ ಕುಸಿದು ಕಾರ್ಮಿಕರೇ ಬಲಿಯಾದರು. ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳೂ ಇಂಥ ಶೆಡ್‌ಗಳಲ್ಲೇ ಮಳೆಗಾಲ ಕಳೆಯುತ್ತವೆ.

ಗುಡ್ಡ ಕೊರೆದರೆ ಏನಾಗುತ್ತದೆಂದು 2013ರ ಜೂನ್‌ನಲ್ಲೇ ಕಂಡಿತ್ತು. ಕಾತ್ರಜ್ ಸುರಂಗದಾಚೆಯ ಶಿಂದೇವಾಡಿಯಲ್ಲಿ ಕೊರೆದ ಗುಡ್ಡದಿಂದ ನುಗ್ಗಿದ ನೀರಿಗೆ ತಾಯಿ, ಮಗು ಕೊಚ್ಚಿಹೋದರು.

ಆದಕಾರಣ ನಿವಾಸಿಗಳ ಬೇಡಿಕೆಗಳು ಹೀಗಿವೆ:

1. ಕಾತ್ರಜ್ ಕೆರೆಯಿಂದ ಮುಠಾ ಸೇರುವವರೆಗೆ ಹಳ್ಳದ ಅಗಲ ಅಳೆದು, ಗಡಿಕಲ್ಲು ನೆಟ್ಟು, ನಕ್ಷೆಯನ್ನು ವಾರ್ಡ್ ಕಚೇರಿಗಳಲ್ಲಿ ಹಚ್ಚಬೇಕು.

2. ಪ್ರತಿವರ್ಷ ಮೇ ಅಂತ್ಯದೊಳಗೆ ಹೂಳು ತೆಗೆಸಬೇಕು. ತೆಗೆದ ಹೂಳನ್ನು ದಂಡೆಯಲ್ಲೇ ಗುಡ್ಡೆ ಹಾಕಬಾರದು. ನೀರು ಹಿಡಿಸದ ಮೋರಿಗಳನ್ನು ಅಗಲಗೊಳಿಸಬೇಕು.

3. ಹಳ್ಳದ ಹಾಗೂ ಇಳಿಜಾರಿನ ಕಾಂಪೌಂಡ್ ಗೋಡೆಗಳನ್ನು ಎಂಜಿನಿಯರುಗಳಿಂದ ತಪಾಸಣೆ ಮಾಡಿಸಬೇಕು. ಗೋಡೆಗೆ ಆತು ಶೆಡ್ ಹಾಕುವುದಕ್ಕೆ ಬಿಲ್ಡರುಗಳಿಗೆ ಅನುಮತಿ ಇರಬಾರದು.

4. ಕೆರೆ ಕೋಡಿ ಬೀಳುವ ಮುನ್ನವೇ ಸೈರನ್ ಕೂಗಬೇಕು. ಎಚ್ಚರಿಕೆ ಮರಾಠಿ, ಹಿಂದಿಯ ಜೊತೆ ಕಾರ್ಮಿಕರ ಬಸ್ತಿಗಳಲ್ಲಿ ಕನ್ನಡದಲ್ಲೂ ಕೇಳಿಸಬೇಕು.

5. ದಂಡೆಯ ಬಡವರನ್ನು ಮಳೆಗಾಲದಲ್ಲಿ ಎಬ್ಬಿಸಬಾರದು. 2021ರ ಜೂನ್ 24ರಂದು ದಾಂಡೇಕರ್ ಪೂಲ್ ಬಳಿ ಗುಡಿಸಲು ಕೆಡವಿದಾಗ ನ್ಯಾಯಾಲಯ ತಡೆ ನೀಡಬೇಕಾಯಿತು. ಮೊದಲು ಮನೆ, ಆಮೇಲೆ ತೆರವು.

6. ಕಾತ್ರಜ್, ಬಿಬವೇವಾಡಿ ಗುಡ್ಡಗಳ ಅಕ್ರಮ ಕೊರೆತದ ವಿರುದ್ಧ ಪ್ರಕರಣ ದಾಖಲಿಸಬೇಕು.

ಪ್ರತಿ ಬೇಡಿಕೆಗೂ ಹೊಣೆಗಾರ ಅಧಿಕಾರಿ ಯಾರು, ಗಡುವು ಯಾವಾಗ ಎಂಬುದನ್ನು 30 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ನಿವಾಸಿಗಳು ವಿನಂತಿಸುತ್ತಾರೆ. ಮರಾಠಿ ಪ್ರತಿಯನ್ನು ಲಗತ್ತಿಸಲಾಗಿದೆ.

ಇಂತಿ ತಮ್ಮ ವಿಶ್ವಾಸಿಗಳು,
ಬಿಬವೇವಾಡಿ ಪರಿಸರದ ಕನ್ನಡ ನಿವಾಸಿಗಳು

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಪುಣೆ