ಯಾರ ಬಾಕಿ ಯಾರ ಮೇಲೆ?

ಮದುವೆಗೋ ತಿಥಿಗೋ ತಂದ ನೂರಿನ್ನೂರಕ್ಕೆ ನಮ್ಮಪ್ಪದಿರು ಜೀತಕ್ಕೆ ಹೋದರು. ಅವರ ಬೆನ್ನು ಬಾಗಿದ ಮೇಲೆ ಮಕ್ಕಳು ಹೋದರು. ಲೆಕ್ಕದ ಪುಸ್ತಕ ಧಣಿಯ ಕೈಲಿ, ಹೆಬ್ಬೆಟ್ಟು ಮಾತ್ರ ನಮ್ಮದು. ಕಾಯಿಲೆ ಮಲಗಿದ ದಿನವೂ ಬಾಕಿ, ಕಳೆದ ಕುರಿಯೂ ಬಾಕಿ, ಮುರಿದ ನೇಗಿಲೂ ಬಾಕಿ.

1976ರ ಕಾನೂನು ಜೀತವನ್ನಷ್ಟೇ ಅಲ್ಲ, ಜೀತದ ಸಾಲವನ್ನೂ ರದ್ದು ಮಾಡಿತು. ತೀರಿಸಬೇಕಾದ್ದು ಏನೂ ಇಲ್ಲ ಅಂತ. ಇದನ್ನು ಕೇರಿಗೆ ಬಂದು ಬಾಯಿಬಿಟ್ಟು ಹೇಳಿದ ಸಾಹೇಬರು ಎಷ್ಟು ಮಂದಿ?

ಈಗ ಫೈನಾನ್ಸಿನೋರು ಬಂದಿದ್ದಾರೆ. ಹೆಂಗಸರ ಗುಂಪು, ವಾರದ ಕಂತು. ಒಬ್ಬಳು ತಪ್ಪಿದರೆ ಮಿಕ್ಕವರು ಕಟ್ಟಬೇಕು. ಕೂಲಿ ಸಿಗದ ವಾರ ಅಕ್ಕನ ಬಾಗಿಲಲ್ಲಿ ನಿಂತು ಬೈಯೋಳು ಪಕ್ಕದ ಮನೆ ತಂಗಿಯೇ. ನಮ್ಮ ಬಡತನಕ್ಕೆ ನಮ್ಮೋರನ್ನೇ ಕಾವಲು ಹಾಕುವ ಈ ಜಾಣತನ ಹಳೇ ಗೌಡನಿಗೂ ಹೊಳೆದಿರಲಿಲ್ಲ. ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಕೆಲವರು ಹಗ್ಗ ಹಿಡಿದರು. ಆಮೇಲೆ, 2025ರ ಫೆಬ್ರವರಿಯಲ್ಲಿ, ರಾಜ್ಯ ಸರ್ಕಾರದ ಸುಗ್ರೀವಾಜ್ಞೆ: ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು. ಠಾಣೆಯಲ್ಲಿ ನಮ್ಮ ಹೆಂಗಸರ ದೂರು ಬರೆದುಕೊಂಡರೆ ತಾನೆ!

ಅತ್ತ ವಿಜಯ್ ಮಲ್ಯ. ಸುಮಾರು 9,000 ಕೋಟಿ ಬಾಕಿ ಅಂತ ಬ್ಯಾಂಕುಗಳು ಬಾಯಿ ಬಡಿದುಕೊಳ್ಳುತ್ತಿದ್ದಾಗಲೇ 2016ರ ಮಾರ್ಚಿನಲ್ಲಿ ದೇಶ ಬಿಟ್ಟರು. 2023ರ ಜೂನಿನಲ್ಲಿ ರಿಸರ್ವ್ ಬ್ಯಾಂಕು, ಬೇಕಂತಲೇ ಸಾಲ ಕಟ್ಟದವರ ಜೊತೆಗೂ ಬ್ಯಾಂಕುಗಳು ರಾಜಿಯಾಗಬಹುದು ಎಂದಿತು. ರಾಜಿ! ಆ ಮಾತು ನಮ್ಮ ಕೇರಿಯ ದಾರಿ ಹಿಡಿದದ್ದನ್ನು ನಾವಂತೂ ಕಂಡಿಲ್ಲ.

ಮೇಷ್ಟ್ರೇ, ಪೆನ್ನು ಹಿಡೀರಿ. ಕೇರಿಯ ಮುದುಕರನ್ನು ಕೂರಿಸಿಕೊಂಡು ಜೀತದ ವರ್ಷ, ಕೊಡದ ಕೂಲಿ, ಒಂದೊಂದನ್ನೂ ಬರೀರಿ. ತಾಲ್ಲೂಕು ಕಚೇರಿ ಮುಂದೆ ನಿಂತು ನಾವು ಓದುತ್ತೇವೆ.