ಸಾಂಕ್ರಾಮಿಕ: ಔಷಧ ಅಂಗಡಿಗೆ ವಿನಾಯಿತಿ, ಫಾರ್ಮಸಿಸ್ಟ್‌ಗೆ ರಕ್ಷಣೆ ಎಲ್ಲಿ?

ಬೆಂಗಳೂರು: ಕೋವಿಡ್ ತಡೆಗೆ ದೇಶದಲ್ಲಿ 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾದಾಗ ಅಗತ್ಯ ಸೇವೆ ಎಂಬ ಕಾರಣಕ್ಕೆ ಔಷಧ ಅಂಗಡಿಗಳಿಗೆ ವಿನಾಯಿತಿ ದೊರೆಯಿತು. ಆದರೆ ಅಂಗಡಿ ತೆರೆದಿಡುವುದಕ್ಕೆ ಸಿಕ್ಕ ಮಹತ್ವ, ಅಲ್ಲಿ ನಿಂತು ಔಷಧ ಕೊಡುವವರ ಸುರಕ್ಷತೆಗೆ ಸಿಗಲಿಲ್ಲ.

ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಎರಡು ಕ್ರಮ ಕೈಗೊಂಡಿತು. ಚಿಲ್ಲರೆ ಔಷಧ ವ್ಯಾಪಾರಿಗಳು ವೈದ್ಯರ ಚೀಟಿಯನ್ನು ಇ-ಮೇಲ್‌ನಲ್ಲಿ ಪಡೆದು ಮನೆಬಾಗಿಲಿಗೆ ಔಷಧ ತಲುಪಿಸಲು ಷರತ್ತುಬದ್ಧ ಅನುಮತಿ ನೀಡಿತು. ಜನರು ಮುಗಿಬಿದ್ದು ಕೊಳ್ಳತೊಡಗಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗೆ ಷೆಡ್ಯೂಲ್ ಎಚ್1ರ ಮಾರಾಟ ನಿಯಮ ಅನ್ವಯಿಸಿತು. ಸಂಧಿವಾತ, ಲೂಪಸ್ ರೋಗಿಗಳು ನಿತ್ಯ ಸೇವಿಸುವ ಮಾತ್ರೆ ಅದು.

ಆರೋಗ್ಯ ಕಾರ್ಯಕರ್ತರಿಗೆ ಘೋಷಿಸಿದ 50 ಲಕ್ಷ ರೂಪಾಯಿ ವಿಮೆಯ ಕಥೆ ಬೇರೆ. ಅದು ಸರ್ಕಾರಿ ಸಿಬ್ಬಂದಿಗೆ ಹಾಗೂ ಸರ್ಕಾರವೇ ಕೋವಿಡ್ ಕೆಲಸಕ್ಕೆ ನಿಯೋಜಿಸಿಕೊಂಡ ಖಾಸಗಿಯವರಿಗೆ ಸೀಮಿತವಾಗಿತ್ತು. ಜ್ವರ, ಕೆಮ್ಮಿನವರು ಮೊದಲು ಎಡತಾಕುವ ಬಡಾವಣೆಯ ಔಷಧ ಅಂಗಡಿಯವರು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರಲಿಲ್ಲ.

ಇದು ಕೇವಲ ನ್ಯಾಯದ ಪ್ರಶ್ನೆಯಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಮಾತ್ರ ವಿತರಿಸಬೇಕು. ಒಬ್ಬರೇ ಫಾರ್ಮಸಿಸ್ಟ್ ಇರುವ ಅಂಗಡಿಯಲ್ಲಿ ಅವರು ಹಾಸಿಗೆ ಹಿಡಿದರೆ, ಮಧುಮೇಹಿಯ ಇನ್ಸುಲಿನ್ ಕೂಡ ಕಾನೂನಿನ ಪ್ರಕಾರ ನಿಲ್ಲುತ್ತದೆ.

ಆದ್ದರಿಂದ ಮುಂದಿನ ಸಾಂಕ್ರಾಮಿಕಕ್ಕೆ ಮುನ್ನವೇ ಸಿದ್ಧತೆ ಅಗತ್ಯ. ಫಾರ್ಮಸಿಸ್ಟರಿಗೆ ವಿಮೆ, ಮಾಸ್ಕ್ ಮತ್ತು ಲಸಿಕೆಯಲ್ಲಿ ಆದ್ಯತೆ ಸಿಗಬೇಕು. ರಾಜ್ಯ ಫಾರ್ಮಸಿ ಪರಿಷತ್ತಿನ ನೋಂದಣಿ ಪಟ್ಟಿಯಿಂದ ಪ್ರತಿ ತಾಲ್ಲೂಕಿಗೆ ಬದಲಿ ಫಾರ್ಮಸಿಸ್ಟರನ್ನು ಗುರುತಿಸಬೇಕು. ಆದೇಶದಿಂದ ಬಾಗಿಲು ತೆರೆಯಬಹುದು. ಔಷಧ ಕೊಡಲು ಆರೋಗ್ಯವಂತ ಫಾರ್ಮಸಿಸ್ಟ್ ಬೇಕು.