ಕೊಳದ ಮೀನು, ಗೂಡಿನ ಮಾತ್ರೆ

ಚಿಂತಾಮಣಿಯಿಂದ ನಮ್ಮ ಭಾವನವರು ಮೊನ್ನೆ ಬಂದಿದ್ದರು. ರೇಷ್ಮೆ ಬೆಳೆಯೊಡನೆ ಹೊಲದ ಕೊಳದಲ್ಲಿ ಕಾಟ್ಲಾ, ರೋಹು ಮೀನುಗಳನ್ನೂ ಸಾಕಿರುವವರು. ಕಾಫಿಯ ಲೋಟವನ್ನು ಕೆಳಗಿಡುತ್ತ, "ಮೀನಿನ ಮೈಮೇಲೆ ಕೆಂಪು ಹುಣ್ಣು, ಹೊಟ್ಟೆ ಊದಿಕೊಂಡು ತೇಲುತ್ತಿವೆ. ಅಂಗಡಿಯವನು ಕೊಟ್ಟ ಮದ್ದು ಹೋದ ವರ್ಷ ನಾಟಿತು, ಈ ವರ್ಷ ನಾಟಲಿಲ್ಲ. ಇನ್ನಷ್ಟು ಹಾಕಲೇ?" ಎಂದರು.

ಬೇಡವೆಂದೆ. ಗೆಂಡೆ ಜಾತಿಯ ಮೀನುಗಳಿಗೆ ಇಂಥ ರೋಗ ತರುವವುಗಳಲ್ಲಿ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಮುಖ್ಯವಾದುದು. ಅದು ನೀರಿನಲ್ಲಿ ಸದಾ ಇರುವಂಥದೇ; ನೀರು ಕೆಟ್ಟು, ಮೀನುಗಳು ಇಕ್ಕಟ್ಟಿನಲ್ಲಿ ಸೊರಗಿದಾಗ ತಲೆಯೆತ್ತುತ್ತದೆ. ಮದ್ದನ್ನು ಮೇವಿಗೆ ಬೆರೆಸಿದರೆ ರೋಗದ ಮೀನು ಮೇವನ್ನೇ ಮುಟ್ಟದು. ಮದ್ದು ಕೆಸರಿಗಿಳಿಯುತ್ತದೆ. ಅಲ್ಲಿ ದುರ್ಬಲ ಕ್ರಿಮಿಗಳು ಸತ್ತು, ಮದ್ದನ್ನು ತಾಳಿಕೊಂಡವು ಮಾತ್ರ ಉಳಿದು ಬೆಳೆಯುತ್ತವೆ. ಈ ತಾಳಿಕೆಯ ವಿದ್ಯೆಯನ್ನು ಅವು ಪ್ಲಾಸ್ಮಿಡ್ ಎಂಬ ಪುಟ್ಟ ಬಳೆಯ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ, ಮನುಷ್ಯನಿಗೆ ರೋಗ ತರುವವುಗಳಿಗೂ ದಾಟಿಸಬಲ್ಲವು. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ, ಸಾಲದಷ್ಟು ಔಷಧವು ಕ್ರಿಮಿಗಳನ್ನು ಕೊಲ್ಲದೆ ಪಳಗಿಸುತ್ತದೆಂದು ಎಚ್ಚರಿಸಿದ್ದರು.

ಇದು ಹಳ್ಳಿಯ ತೊಂದರೆಯೆಂದು ನಗರದ ವಾಚಕರು ಪುಟ ತಿರುವಬಾರದು. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ; ಕೆರೆ, ಕೊಳವೆಬಾವಿಗಳೇ ಗತಿ. ಅದಕ್ಕೆಂದೇ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಚಿಕ್ಕಬಳ್ಳಾಪುರದ ಕಂದವಾರ ಕೆರೆಯೇ ಮೊದಲಾದ ಕೆರೆಗಳಿಗೆ ಹರಿಸಲಾಗಿದೆ. ಅಂಥ ಶುದ್ಧೀಕರಣವು ಔಷಧಿಯ ಅಂಶವನ್ನಾಗಲಿ, ಔಷಧಿಗೆ ಮಣಿಯದ ಕ್ರಿಮಿಗಳನ್ನಾಗಲಿ ಪೂರ್ತಿಯಾಗಿ ತೆಗೆಯಲಾರದು. ನಾವು ಬಚ್ಚಲಿಗೆ ಸುರಿದ ಮಾತ್ರೆ ಎಲ್ಲಿಗೆ ಹೋಯಿತೆಂದು ಯೋಚಿಸಿದವರುಂಟೇ?

ಪರಿಹಾರವನ್ನು ಆ ಸೀಮೆಯವರೇ ಬಲ್ಲರು. ಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದಲ್ಲಿ, ಸಪ್ಪೆರೋಗ ತಗಲದಿರಲೆಂದು ಹುಳು ಮನೆಯನ್ನು ಮೊದಲೇ ತೊಳೆದು ಸೋಂಕು ಕಳೆಯುತ್ತಾರೆ. ಹುಳುಗಳಿಗೆ ಜಾಗ ಬಿಡಿಸಿ ಗಾಳಿಯಾಡಿಸುತ್ತಾರೆ. ಕೊಳಕ್ಕೂ ಅದೇ ನ್ಯಾಯ. ಮೀನುಗಳ ಸಂಖ್ಯೆ ಮಿತಿಯಲ್ಲಿರಲಿ. ಮೇವು ಹೆಚ್ಚಾಗಿ ಕೊಳೆಯದಿರಲಿ. ಬೆಳೆ ಮುಗಿದ ಮೇಲೆ ಕೊಳ ಬತ್ತಿಸಿ ಸುಣ್ಣ ಹಾಕಲಿ. ಸತ್ತ ಮೀನನ್ನು ಹೂಳಬೇಕು. ಮದ್ದಿಗೆ ಮುನ್ನ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಬೇಕು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್‌ಗಳಂತೂ ನಿಷಿದ್ಧ.

ಮೀನು ತರುವ ಗೃಹಿಣಿಯರಿಗೂ ಒಂದು ಮಾತು: ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಹಸಿ ಮೀನು ಹೆಚ್ಚಿದ ಚಾಕು, ಮಣೆ, ಕೈಗಳನ್ನು ತೊಳೆಯದೆ ಕೋಸಂಬರಿಗೆ ಕೈ ಹಾಕಬಾರದು. ಕೈಯಲ್ಲಿ ಗಾಯವಿದ್ದರೆ ಆ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು.

ಭಾವನವರನ್ನು ಬಸ್ಸು ಹತ್ತಿಸಿ ಬಂದು, ನಮ್ಮ ಮನೆಯ ಗೋಡೆಗೂಡನ್ನು ನೋಡಿದೆ. ಕಳೆದ ಜ್ವರದಲ್ಲಿ ವೈದ್ಯರನ್ನು ಕೇಳದೆ ನಾನೇ ಅರ್ಧಕ್ಕೆ ನಿಲ್ಲಿಸಿದ ಮಾತ್ರೆಗಳು ಅಲ್ಲಿದ್ದವು. "ಮುಂದಿನ ಜ್ವರಕ್ಕೆ ಇರಲೆಂದು ನೀವೇ ಎತ್ತಿಟ್ಟದ್ದು" ಎಂದಳು ನನ್ನಾಕೆ. ಒಂದು ಗಂಟೆ ಉಪದೇಶ ಮಾಡಿದ ಬಾಯಿಗೆ ಆಗ ಮಾತು ಹೊರಡಲಿಲ್ಲ.